ಜೊತೆಗೆ ಏನನ್ನು ಅಳೆದಿರಿ?

ಸಂಡೂರಿನ ಬೆಟ್ಟಗಳಿಂದ ಇಳಿದು ಬರುವ ಅದಿರಿಗೆ ಬೆಲೆ ಕಟ್ಟುವುದು ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡಿ. ರಾಶಿಯ ಬೇರೆ ಬೇರೆ ಕಡೆಯಿಂದ ಸ್ಯಾಂಪಲ್ ತೆಗೆಯುತ್ತಾರೆ, ಪುಡಿ ಮಾಡುತ್ತಾರೆ, ಲ್ಯಾಬಿಗೆ ಕಳಿಸುತ್ತಾರೆ. ಕಬ್ಬಿಣ, ಸಿಲಿಕಾ, ಅಲ್ಯುಮಿನಾ, ರಂಜಕ ಇಂತಿಷ್ಟು ಎಂದು ವರದಿ ಬರುತ್ತದೆ. ಕಬ್ಬಿಣ ಶೇಕಡಾ 63 ಎಂದು ಬಂದಿದ್ದರೆ, "ಅದರ ಜೊತೆಗೆ ಸಿಲಿಕಾ ನೋಡಿದಿರೋ, ರಂಜಕ ನೋಡಿದಿರೋ?" ಎಂದು ಕೊಳ್ಳುವವರು ಯಾರೂ ಕೇಳುವುದಿಲ್ಲ. ಜೊತೆಗೆ ಏನನ್ನು ನೋಡಿದರೂ 63 ಅರವತ್ತಮೂರೇ. ಲ್ಯಾಬಿಗೆ ಬರುವ ಮೊದಲೂ ಅದು ಅಷ್ಟೇ ಇತ್ತು. ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದಾದ ಆ ಬಂಡೆಯೊಳಗೆ, ಅಳೆಯುವವರು ಭೂಮಿಯ ಮೇಲೆ ಹುಟ್ಟುವ ಮೊದಲೇ, ಕಬ್ಬಿಣ ತನ್ನ ಪಾಡಿಗೆ ತಾನು ಇತ್ತು.

ಇದು ಎಷ್ಟು ಸಹಜವೆಂದರೆ ಇದೊಂದು ನಂಬಿಕೆ ಎಂದೇ ನಮಗೆ ಅನ್ನಿಸುವುದಿಲ್ಲ. ಆದರೆ ಇದರೊಳಗೆ ಎರಡು ನಂಬಿಕೆಗಳು ಹೆಣೆದುಕೊಂಡಿವೆ. ಅಳತೆಗೆ ಮೊದಲೇ ಉತ್ತರ ವಸ್ತುವಿನಲ್ಲಿತ್ತು ಎಂಬುದು ಒಂದು. ಪಕ್ಕದಲ್ಲಿ ಇನ್ನೇನನ್ನು ಅಳೆದರೂ ಆ ಉತ್ತರ ಬದಲಾಗದು ಎಂಬುದು ಇನ್ನೊಂದು. ಪರಮಾಣುಗಳ ಮಟ್ಟಕ್ಕೆ ಇಳಿದಾಗ ಇವೆರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಆಗುವುದಿಲ್ಲ. ಯಾರದೋ ತತ್ತ್ವಜ್ಞಾನದ ಒಲವಿನಿಂದ ಬಂದ ಮಾತಲ್ಲ ಇದು. ಗಣಿತದಲ್ಲಿ ಸಾಧಿಸಿದ ಪ್ರಮೇಯ, ಪ್ರಯೋಗಶಾಲೆಯಲ್ಲಿ ಒರೆಗೆ ಹಚ್ಚಿದ ಸಂಗತಿ. ಭೌತವಿಜ್ಞಾನಿಗಳು ಇದನ್ನು ಕಾಂಟೆಕ್ಸ್‌ಚುಯಾಲಿಟಿ ಎನ್ನುತ್ತಾರೆ. ನಾವು ಸಂದರ್ಭಾವಲಂಬನೆ ಎನ್ನೋಣ. ಕ್ವಾಂಟಮ್ ಲೋಕದ ಬೇರೆ ಯಾವ ವಿಚಿತ್ರಕ್ಕಿಂತಲೂ ಇದು ಆಳದ್ದೆಂದು ನನಗೆ ಅನ್ನಿಸುತ್ತದೆ. ಒಂದು ಹಾಳೆ, ಒಂದು ಪೆನ್ನು ಇದ್ದರೆ ಓದುಗರೇ ಇದನ್ನು ಪರೀಕ್ಷಿಸಿ ನೋಡಬಹುದು ಎಂಬುದೂ ಅದಕ್ಕೊಂದು ಕಾರಣ.

ಮೊದಲು ಬೆಳಕಿನಿಂದ ಶುರು ಮಾಡೋಣ. ಕಂಪ್ಲಿ, ಹೊಸಪೇಟೆ ಕಡೆ ಕಬ್ಬು ಬೆಳೆಯುವವರಿಗೆ 'ರಿಕವರಿ' ಎಂಬ ಮಾತು ಚೆನ್ನಾಗಿ ಗೊತ್ತು. ಅರೆದ ಕಬ್ಬಿನಲ್ಲಿ ಶೇಕಡಾ ಎಷ್ಟು ಸಕ್ಕರೆ ಕೈಗೆ ಬಂತು ಎಂಬ ಲೆಕ್ಕ ಅದು. ಬೆಳೆಗೆ ಸಿಗುವ ದರ ಅದರ ಮೇಲೆ ನಿಂತಿದೆ. ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಈ ಲೆಕ್ಕದ ಬುಡದಲ್ಲಿರುವ ಉಪಕರಣ ಪೋಲಾರಿಮೀಟರ್. ಬೆಳಕಿನ ಕಂಪನ ಅದು ಸಾಗುವ ದಾರಿಗೆ ಅಡ್ಡಲಾಗಿ ಯಾವ ದಿಕ್ಕಿನಲ್ಲಾದರೂ ಇರಬಹುದು. ಪೋಲರಾಯ್ಡ್‌ನಂಥ ಫಿಲ್ಟರು ಒಂದೇ ದಿಕ್ಕಿನ ಕಂಪನವನ್ನು ದಾಟಿಸುತ್ತದೆ. ಹೀಗೆ ಧ್ರುವೀಕರಿಸಿದ ಬೆಳಕನ್ನು ಸಕ್ಕರೆ ದ್ರಾವಣದೊಳಗೆ ಹಾಯಿಸಿದರೆ ಕಂಪನದ ದಿಕ್ಕು ತಿರುಗುತ್ತದೆ. 26 ಗ್ರಾಂ ಶುದ್ಧ ಸಕ್ಕರೆಯನ್ನು 100 ಮಿಲಿಲೀಟರ್ ದ್ರಾವಣವಾಗಿಸಿ 20 ಸೆಂಟಿಮೀಟರ್ ಉದ್ದದ ಕೊಳವೆಗೆ ತುಂಬಿದರೆ, ಸೋಡಿಯಂ ದೀಪದ ಹಳದಿ ಬೆಳಕು ಸುಮಾರು 34.6 ಡಿಗ್ರಿ ಬಲಕ್ಕೆ ತಿರುಗುತ್ತದೆ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಕಡಿಮೆಯಿದ್ದಷ್ಟೂ ತಿರುಗುವ ಕೋನ ಕಡಿಮೆ. ಇದರಿಂದ ಸಿಗುವ ಅಂಕಿಗೆ ಲ್ಯಾಬಿನವರು 'ಪೋಲ್' ಎನ್ನುತ್ತಾರೆ.

ಇಲ್ಲಿಯವರೆಗೆ ಗೊಂದಲವಿಲ್ಲ. ಕೊಳವೆಯಿಂದ ಹೊರಬಂದ ಬೆಳಕಿಗೆ ಇಂಥದೇ ಎಂಬ ಒಂದು ಕೋನವಿದೆ, ನಾವು ಅದನ್ನು ಓದುತ್ತೇವೆ. ಅದಿರಿನ ಕಬ್ಬಿಣದ ಹಾಗೆಯೇ.

ಈಗ ಬೆಳಕನ್ನು ಮಂದ ಮಾಡುತ್ತ ಹೋಗಿ. ಕೊನೆಗೆ ಫೋಟಾನುಗಳು ಒಂದಾದ ಮೇಲೆ ಒಂದರಂತೆ, ನಡುವೆ ಬಿಡುವು ಕೊಟ್ಟು ಬರತೊಡಗುತ್ತವೆ. ನೆಟ್ಟಗೆ ನಿಲ್ಲಿಸಿದ ಫಿಲ್ಟರಿಗೆ 45 ಡಿಗ್ರಿ ವಾಲಿದ ಕಂಪನದ ಒಂದೇ ಒಂದು ಫೋಟಾನು ಬಂತು ಎನ್ನಿ. ತುಂಬು ಬೆಳಕಾಗಿದ್ದರೆ ಅರ್ಧ ದಾಟುತ್ತಿತ್ತು, ಅರ್ಧ ಉಳಿಯುತ್ತಿತ್ತು. ಅರ್ಧ ಫೋಟಾನು ಎಂಬುದಿಲ್ಲ. ಅದು ಇಡಿಯಾಗಿ ದಾಟಬೇಕು, ಇಲ್ಲವೇ ಇಡಿಯಾಗಿ ನಿಲ್ಲಬೇಕು. ಯಾವ ಫೋಟಾನು ದಾಟುತ್ತದೆ, ಯಾವುದು ನಿಲ್ಲುತ್ತದೆ ಎಂದು ಮೊದಲೇ ಹೇಳುವ ದಾರಿ ಕ್ವಾಂಟಮ್ ಸಿದ್ಧಾಂತದಲ್ಲಿ ಇಲ್ಲ. ನೂರಕ್ಕೆ ಐವತ್ತರಂತೆ ದಾಟುತ್ತವೆ ಎಂದಷ್ಟೇ ಅದು ಹೇಳುತ್ತದೆ. ದಾಟಿದ ಫೋಟಾನು ತನ್ನ 45 ಡಿಗ್ರಿಯನ್ನು ಬಿಟ್ಟು ನೆಟ್ಟಗಾಗಿರುತ್ತದೆ. ಹಳೆಯ ಪೋಲರಾಯ್ಡ್ ಕನ್ನಡಕಗಳಿದ್ದರೆ ಇದರ ಪರಿಣಾಮವನ್ನು ಮನೆಯಲ್ಲೇ ನೋಡಬಹುದು. ಎರಡು ಗಾಜುಗಳನ್ನು ಒಂದರ ಹಿಂದೊಂದು ಅಡ್ಡಡ್ಡ ಹಿಡಿದರೆ ಕತ್ತಲು. ಅವೆರಡರ ನಡುವೆ ಮೂರನೆಯದನ್ನು ಓರೆಯಾಗಿ ತೂರಿಸಿ. ಕತ್ತಲಿದ್ದಲ್ಲಿ ಬೆಳಕು ಮೂಡುತ್ತದೆ. ಫಿಲ್ಟರು ಜರಡಿಯಂತೆ ಇದ್ದದ್ದನ್ನು ಸೋಸುವುದಷ್ಟೇ ಆಗಿದ್ದರೆ, ಇನ್ನೊಂದು ಜರಡಿ ಸೇರಿಸಿದ್ದಕ್ಕೆ ಹೆಚ್ಚು ಬೆಳಕು ಬರಬಾರದಿತ್ತು.

ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1950ರ ದಶಕದಲ್ಲಿ ಎಸ್. ಪಂಚರತ್ನಂ ಎಂಬ ತರುಣ ಇಂಥ ಬೆಳಕನ್ನೇ ಹಿಡಿದು ಕುಳಿತಿದ್ದರು. ಸಿ.ವಿ. ರಾಮನ್ ಅವರ ತಂಗಿಯ ಮಗ. ಧ್ರುವೀಕೃತ ಬೆಳಕನ್ನು ಒಂದು ಸ್ಥಿತಿಯಿಂದ ಎರಡನೆಯದಕ್ಕೆ, ಅಲ್ಲಿಂದ ಮೂರನೆಯದಕ್ಕೆ ಒಯ್ದು ಮೊದಲಿನ ಸ್ಥಿತಿಗೇ ಮರಳಿಸಿದರೂ ಅದರ ಅಲೆಯಲ್ಲಿ ಒಂದು ಹೆಜ್ಜೆಯ ವ್ಯತ್ಯಾಸ ಉಳಿದುಬಿಡುತ್ತದೆ, ಆ ವ್ಯತ್ಯಾಸ ಸುತ್ತಿದ ದಾರಿಯ ಆಕಾರದಿಂದ ಬರುತ್ತದೆ ಎಂದು ಅವರು 1956ರಲ್ಲಿ, 22ನೆಯ ವಯಸ್ಸಿನಲ್ಲಿ ತೋರಿಸಿದರು. ಮೈಕೆಲ್ ಬೆರ್ರಿ 1984ರಲ್ಲಿ ಇಂಥದೇ ಸಂಗತಿಯನ್ನು ಕ್ವಾಂಟಮ್ ವ್ಯವಸ್ಥೆಗಳಿಗೆಲ್ಲ ಅನ್ವಯಿಸಿ ಕಂಡುಕೊಂಡ ಮೇಲೆ, ಪಂಚರತ್ನಂ ಎಷ್ಟು ಮುಂಚೆ ಎಷ್ಟು ದೂರ ನಡೆದಿದ್ದರು ಎಂಬುದು ಜಗತ್ತಿಗೆ ತಿಳಿಯಿತು. ಅಷ್ಟರಲ್ಲಿ ಅವರು ತೀರಿಕೊಂಡು ಹದಿನೈದು ವರ್ಷ ಕಳೆದಿತ್ತು. 1969ರಲ್ಲಿ, ಆಕ್ಸ್‌ಫರ್ಡಿನಲ್ಲಿ, 35ನೆಯ ವಯಸ್ಸಿಗೇ ಹೋದವರು.

ಫೋಟಾನಿನ ಈ ನಡತೆಗೆ ಸಾಮಾನ್ಯವಾಗಿ ಕೊಡುವ ವಿವರಣೆ ಒಂದಿದೆ: ಕಣ ಬಲು ಸೂಕ್ಷ್ಮ, ಮುಟ್ಟಿದರೆ ಕದಡಿಹೋಗುತ್ತದೆ, ಆದ್ದರಿಂದ ಅಳತೆಯಲ್ಲಿ ಮೂಲ ಬೆಲೆ ಕಳೆದುಹೋಗುತ್ತದೆ. ಹೈಸನ್‌ಬರ್ಗ್ 1927ರಲ್ಲಿ ಅನಿಶ್ಚಿತತೆಯ ತತ್ತ್ವವನ್ನು ವಿವರಿಸುವಾಗ ಹೆಚ್ಚುಕಡಿಮೆ ಈ ದಾರಿಯನ್ನೇ ಹಿಡಿದಿದ್ದರು. ಹಂಪಿಯ ವಿರೂಪಾಕ್ಷ ದೇವಸ್ಥಾನದಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ. ಒಂಬತ್ತು ಅಂತಸ್ತಿನ ಪೂರ್ವದ ರಾಜಗೋಪುರ ಒಳಗಿನ ಕತ್ತಲ ಕೋಣೆಯ ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದನ್ನು ಅಲ್ಲಿಗೆ ಹೋದವರೆಲ್ಲ ನೋಡಿರುತ್ತಾರೆ. ಗೋಡೆಯಲ್ಲಿರುವ ಒಂದು ಕಿಂಡಿ ಈ ಕೆಲಸ ಮಾಡುತ್ತದೆ: ಶಿಖರದ ಬೆಳಕು ಅದರ ಮೂಲಕ ಕೆಳಕ್ಕೆ, ಬುಡದ ಬೆಳಕು ಮೇಲಕ್ಕೆ. ಇಂಥ ಕಿಂಡಿಯನ್ನು ಸಣ್ಣದು ಮಾಡುತ್ತ ಹೋದರೆ ಚಿತ್ರ ಸ್ಪಷ್ಟವಾಗುತ್ತ ಹೋಗುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಚಿತ್ರ ಬೀಳುವ ಗೋಡೆ ಐದು ಮೀಟರ್ ದೂರದಲ್ಲಿದ್ದರೆ ಆ ಮಿತಿ ಸುಮಾರು ಮೂರು ಮಿಲಿಮೀಟರ್. ಅದಕ್ಕಿಂತ ಕಿರಿದು ಮಾಡಿದರೆ ಚಿತ್ರ ಮತ್ತೆ ಮಸುಕಾಗುತ್ತದೆ. ಫೋಟಾನು ಎಲ್ಲಿ ಹಾದುಹೋಯಿತು ಎಂಬುದನ್ನು ಕಿಂಡಿ ಬಿಗಿಯಾಗಿ ಹಿಡಿದಷ್ಟೂ ಅದು ಯಾವ ಕಡೆಗೆ ಹೊರಟಿತ್ತು ಎಂಬುದು ಚೆದುರುತ್ತದೆ. ಜಾಗ ಮತ್ತು ದಿಕ್ಕು, ಈ ಎರಡು ಪ್ರಶ್ನೆಗಳನ್ನು ಒಟ್ಟಿಗೆ ಪೂರ್ತಿ ಬಿಗಿಯಾಗಿ ಕೇಳಲಾಗದು.

'ಮುಟ್ಟಿದರೆ ಕದಡುತ್ತದೆ' ಎಂಬ ವಿವರಣೆಯಲ್ಲಿ ಒಂದು ಸಮಾಧಾನವಿದೆ. ಉತ್ತರ ಒಳಗೆ ಇದ್ದೇ ಇದೆ, ನಮ್ಮ ಕೈ ಒರಟು ಅಷ್ಟೇ ಎಂಬ ಸಮಾಧಾನ. ಸಂದರ್ಭಾವಲಂಬನೆಯ ಪ್ರಮೇಯ ಅದನ್ನು ಕಿತ್ತುಕೊಳ್ಳುತ್ತದೆ. ಅದು ಒಂದನ್ನೊಂದು ಕದಡದ ಅಳತೆಗಳನ್ನೇ, ಒಟ್ಟಿಗೆ ನಿರಾತಂಕವಾಗಿ ಮಾಡಬಹುದಾದ ಅಳತೆಗಳನ್ನೇ ಆರಿಸಿಕೊಂಡು ಮಾತಾಡುತ್ತದೆ.

ಹಾಳೆ ತೆಗೆದುಕೊಳ್ಳಿ. ಎರಡು ಕಣಗಳಿವೆ, 1 ಮತ್ತು 2. ಪ್ರತಿಯೊಂದಕ್ಕೂ ಸ್ಪಿನ್ ಎಂಬ ಗುಣವಿದೆ. ಅದನ್ನು ಒಂದಕ್ಕೊಂದು ಲಂಬವಾದ ಅ, ಬ, ಕ ಎಂಬ ಮೂರು ದಿಕ್ಕುಗಳಲ್ಲಿ ಅಳೆಯಬಹುದು. ಯಾವ ದಿಕ್ಕಿನಲ್ಲಿ ಅಳೆದರೂ ಉತ್ತರ +1 ಇಲ್ಲವೇ −1. ಈಗ ಒಂಬತ್ತು ಮನೆಗಳ ಚೌಕ ಬರೆದು ಒಂದೊಂದರಲ್ಲಿ ಒಂದೊಂದು ಅಳತೆಯನ್ನು ಇಡಿ. ಅ1 ಎಂದರೆ ಒಂದನೆಯ ಕಣದ ಸ್ಪಿನ್ನನ್ನು ಅ ದಿಕ್ಕಿನಲ್ಲಿ ಅಳೆಯುವುದು. ಅ1ಅ2 ಎಂದರೆ ಎರಡೂ ಕಣಗಳ ಅ ಸ್ಪಿನ್‌ಗಳ ಗುಣಲಬ್ಧವನ್ನು ಒಂದೇ ಅಳತೆಯಾಗಿ ಅಳೆಯುವುದು.

ಮೊದಲ ಸಾಲು: ಅ1, ಅ2, ಅ1ಅ2
ಎರಡನೆಯ ಸಾಲು: ಬ2, ಬ1, ಬ1ಬ2
ಮೂರನೆಯ ಸಾಲು: ಅ1ಬ2, ಬ1ಅ2, ಕ1ಕ2

ಒಂದೇ ಕಣದ ಅ ಮತ್ತು ಬ ಅಳತೆಗಳು ಒಟ್ಟಿಗೆ ಬಾಳುವುದಿಲ್ಲ; ಕ್ವಾಂಟಮ್ ಗಣಿತದಲ್ಲಿ ಅವುಗಳ ಸರದಿ ಅದಲುಬದಲಾದರೆ ಚಿಹ್ನೆ ತಿರುಗುತ್ತದೆ: ಅಬ = −ಬಅ. ಆದರೆ ಚೌಕದ ಯಾವ ಸಾಲಿನ, ಯಾವ ಕಂಬದ ಮೂರು ಅಳತೆಗಳನ್ನು ತೆಗೆದುಕೊಂಡರೂ ಅವು ಒಂದಕ್ಕೊಂದು ಅಡ್ಡಿಯಾಗುವುದಿಲ್ಲ. ಅ1ಅ2 ಮತ್ತು ಬ1ಬ2 ಸರದಿ ಬದಲಾಯಿಸಿಕೊಂಡರೆ ಚಿಹ್ನೆ ಎರಡು ಕಣಗಳಿಗಾಗಿ ಎರಡು ಸಲ ತಿರುಗಿ ಮೊದಲಿನಂತೆಯೇ ಆಗುತ್ತದೆ. ಹಾಗಾಗಿ ಒಂದು ಸಾಲನ್ನೋ ಕಂಬವನ್ನೋ ಇಡಿಯಾಗಿ ಅಳೆಯಲು ಯಾವ ತಕರಾರೂ ಇಲ್ಲ.

ಈಗ ಗುಣಿಸೋಣ. ಮೊದಲ ಸಾಲಿನ ಮೂರರ ಗುಣಲಬ್ಧ ಯಾವಾಗಲೂ +1. ಎರಡು ಸಂಖ್ಯೆಗಳನ್ನೂ ಅವುಗಳ ಗುಣಲಬ್ಧವನ್ನೂ ಗುಣಿಸಿದರೆ ಬೇರೇನು ಬರಲು ಸಾಧ್ಯ? ಎರಡನೆಯ ಸಾಲು, ಮೊದಲ ಕಂಬ, ಎರಡನೆಯ ಕಂಬ, ಇವೂ ಹಾಗೆಯೇ. ಉಳಿಯುವುದು ಕೊನೆಯ ಸಾಲು ಮತ್ತು ಕೊನೆಯ ಕಂಬ. ಕೊನೆಯ ಕಂಬದಲ್ಲಿ ಅ1ಅ2 ಮತ್ತು ಬ1ಬ2 ಗುಣಿಸಿದರೆ (ಅ1ಬ1)(ಅ2ಬ2) ಸಿಗುತ್ತದೆ. ಕೊನೆಯ ಸಾಲಿನಲ್ಲಿ ಅ1ಬ2 ಮತ್ತು ಬ1ಅ2 ಗುಣಿಸಿದರೆ (ಅ1ಬ1)(ಬ2ಅ2) ಸಿಗುತ್ತದೆ. ಅಕ್ಷರಗಳು ಅವೇ ನಾಲ್ಕು. ಆದರೆ ಎರಡನೆಯ ಕಣದ ಸರದಿ ತಿರುವುಮುರುವಾಗಿದೆ, ಆದ್ದರಿಂದ ಒಂದು ಇನ್ನೊಂದರ ಋಣ. ಎರಡಕ್ಕೂ ಸಾಮಾನ್ಯವಾದ ಮನೆ ಕ1ಕ2. ಕ್ವಾಂಟಮ್ ಲೆಕ್ಕದ ಪ್ರಕಾರ ಸಾಲಿನ ಗುಣಲಬ್ಧ +1 ಬರುತ್ತದೆ, ಕಂಬದ್ದು −1.

ಇನ್ನು ಪ್ರಯತ್ನ ನಿಮ್ಮದು. ಒಂಬತ್ತೂ ಮನೆಗಳಲ್ಲಿ ಅಳತೆಗೆ ಮೊದಲೇ ಉತ್ತರ ಬರೆದಿಟ್ಟಿದೆ, ಯಾವ ಸಾಲಿನ ಜೊತೆ ಅಳೆದರೂ ಯಾವ ಕಂಬದ ಜೊತೆ ಅಳೆದರೂ ಅದು ಬದಲಾಗದು ಎಂದುಕೊಂಡು, ಮನೆಗೊಂದು +1 ಅಥವಾ −1 ತುಂಬಿ. ಮೂರೂ ಸಾಲುಗಳ ಗುಣಲಬ್ಧ +1 ಆಗಬೇಕು; ಕಂಬಗಳದ್ದು +1, +1, −1 ಆಗಬೇಕು. ಎಷ್ಟು ಸಲ ತುಂಬಿದರೂ ಒಂದು ಕಡೆ ತಪ್ಪಿಯೇ ತಪ್ಪುತ್ತದೆ. ಸಾಲುಗಳ ದಾರಿಯಲ್ಲಿ ಒಂಬತ್ತನ್ನೂ ಗುಣಿಸಿದರೆ +1, ಕಂಬಗಳ ದಾರಿಯಲ್ಲಿ ಅವೇ ಒಂಬತ್ತನ್ನು ಗುಣಿಸಿದರೆ −1. ಅವೇ ಸಂಖ್ಯೆಗಳ ಗುಣಲಬ್ಧ ಎರಡು ಬಗೆಯಾಗಲು ಸಾಧ್ಯವಿಲ್ಲ. ಅಂದರೆ ಹಾಗೆ ಬರೆದಿಟ್ಟ ಉತ್ತರಗಳು ಇರಲೇ ಇಲ್ಲ. ಇದ್ದವು ಎಂದು ಹಟ ಹಿಡಿದರೆ, ಕನಿಷ್ಠ ಒಂದು ಮನೆಯಾದರೂ ತನ್ನ ಜೊತೆಗೆ ಯಾರನ್ನು ಅಳೆಯುತ್ತಿದ್ದಾರೆ ಎಂದು ನೋಡಿಕೊಂಡು ಉತ್ತರ ಬದಲಿಸುತ್ತದೆ ಎಂದು ಒಪ್ಪಬೇಕು.

ಡೇವಿಡ್ ಮರ್ಮಿನ್ ಮತ್ತು ಆಶರ್ ಪೆರೆಸ್ ಈ ಚೌಕವನ್ನು 1990ರಲ್ಲಿ ಕೊಟ್ಟರು. ಅದಕ್ಕೂ ಮೊದಲಿನ ಸಾಧನೆಗಳು ಬಹಳ ತೊಡಕಿನವು. ಸೈಮನ್ ಕೊಚೆನ್ ಮತ್ತು ಅರ್ನ್ಸ್ಟ್ ಸ್ಪೆಕರ್ 1967ರಲ್ಲಿ ತಮ್ಮ ಪ್ರಮೇಯಕ್ಕಾಗಿ 117 ದಿಕ್ಕುಗಳನ್ನು ಜೋಡಿಸಬೇಕಾಯಿತು. ಸ್ಪೆಕರ್ 1960ರಲ್ಲೇ ಈ ವಿಚಾರದ ಬೀಜವನ್ನು ಮೂರು ಪೆಟ್ಟಿಗೆಗಳ ಒಂದು ಕಥೆಯಲ್ಲಿ ಹುದುಗಿಸಿದ್ದರು: ಯಾವ ಎರಡನ್ನು ತೆರೆದರೂ ಒಂದರಲ್ಲಿ ರತ್ನ, ಇನ್ನೊಂದು ಖಾಲಿ. ಮೂರನ್ನೂ ಮೊದಲೇ ತುಂಬಿಡಲು ನೋಡಿ, ಆಗುವುದಿಲ್ಲ. ಜಾನ್ ಬೆಲ್ ಇದೇ ತೀರ್ಮಾನಕ್ಕೆ ತಾವಾಗಿ ಬಂದು 1966ರಲ್ಲಿ ಪ್ರಕಟಿಸಿದರು. ಇದಕ್ಕೂ ಹಿಂದೆ, 1932ರಲ್ಲಿ, ಜಾನ್ ಫಾನ್ ನಾಯ್ಮನ್ ತಮ್ಮ ಪುಸ್ತಕದಲ್ಲಿ ಅಳತೆಗೆ ಮೊದಲಿನ ಗುಪ್ತ ಬೆಲೆಗಳು ಅಸಾಧ್ಯವೆಂದು ಸಾಧಿಸಿದ್ದೇನೆ ಎಂದಿದ್ದರು. ಆ ಸಾಧನೆಯಲ್ಲಿ ಸಮರ್ಥನೆಯಿಲ್ಲದ ಒಂದು ಊಹೆ ನುಸುಳಿದೆ ಎಂದು ಎಮ್ಮಿ ನೋಥರ್ ಅವರ ಶಿಷ್ಯೆ ಗ್ರೆಟೆ ಹರ್ಮನ್ 1935ರಲ್ಲೇ ಎತ್ತಿ ತೋರಿಸಿದರು. ಅವರ ಮಾತಿಗೆ ದಶಕಗಳ ಕಾಲ ಯಾರೂ ಕಿವಿಗೊಡಲಿಲ್ಲ. ಬೆಲ್ ಅದೇ ದೋಷವನ್ನು ಮತ್ತೆ ಕಂಡುಹಿಡಿಯಬೇಕಾಯಿತು. ಹರ್ಮನ್ ಅವರನ್ನು ಓದಿದ್ದಿದ್ದರೆ ಕ್ವಾಂಟಮ್ ಅಡಿಪಾಯದ ಚರ್ಚೆ ಮೂವತ್ತು ವರ್ಷ ಮೊದಲೇ ತೆರೆದುಕೊಳ್ಳುತ್ತಿತ್ತು ಎಂಬುದು ನನ್ನನ್ನು ಕಾಡುವ ನಷ್ಟ.

ಹಾಳೆಯ ಮೇಲಿನ ಚೌಕ ಪ್ರಯೋಗಕ್ಕೆ ಇಳಿದದ್ದು ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ. 2009ರಲ್ಲಿ ಅಲ್ಲಿನ ತಂಡ ಎರಡು ಕ್ಯಾಲ್ಸಿಯಂ ಅಯಾನುಗಳನ್ನು ವಿದ್ಯುತ್ ಕ್ಷೇತ್ರದ ಬಲೆಯಲ್ಲಿ ಹಿಡಿದು, ಲೇಸರ್ ಕಿರಣಗಳಿಂದ ಒಂದು ಸಾಲಿನ ಅಥವಾ ಕಂಬದ ಮೂರು ಅಳತೆಗಳನ್ನು ಒಂದರ ಹಿಂದೊಂದು ಮಾಡಿತು. ಐದು ಗುಣಲಬ್ಧಗಳನ್ನು ಕೂಡಿಸಿ ಕೊನೆಯ ಕಂಬದ್ದನ್ನು ಕಳೆದರೆ ಬರುವ ಮೊತ್ತವೇ ಪರೀಕ್ಷೆ. ಉತ್ತರಗಳು ಮೊದಲೇ ಬರೆದಿಟ್ಟಂತಿದ್ದರೆ ಆರರಲ್ಲಿ ಒಂದಾದರೂ ತಪ್ಪುವುದರಿಂದ ಮೊತ್ತ 4ನ್ನು ಮೀರಬಾರದು. ಕ್ವಾಂಟಮ್ ಸಿದ್ಧಾಂತ ಹೇಳುವುದು 6. ಪ್ರಯೋಗದಲ್ಲಿ ಬಂದದ್ದು 5.46, ಅದರಲ್ಲಿ ಅನಿಶ್ಚಿತತೆ 0.04 ಮಾತ್ರ. ಅಯಾನುಗಳನ್ನು ಬೇರೆ ಬೇರೆ ಸ್ಥಿತಿಗಳಲ್ಲಿ ಸಿದ್ಧಪಡಿಸಿದಾಗಲೂ ಮೊತ್ತ 4ರ ಮೇಲೆಯೇ ನಿಂತಿತು. ಯಾವುದೋ ವಿಶೇಷ ಸ್ಥಿತಿಯ ಚಮತ್ಕಾರ ಇದಲ್ಲ. ಅಳತೆಗಳ ಹೆಣಿಗೆಯೇ ಹಾಗಿದೆ.

ಇಲ್ಲಿ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು. 'ನೋಡುವವನ ಮನಸ್ಸು ವಾಸ್ತವವನ್ನು ಸೃಷ್ಟಿಸುತ್ತದೆ ಎಂದು ಕ್ವಾಂಟಮ್ ವಿಜ್ಞಾನ ಸಾಧಿಸಿದೆ' ಎಂದು ಭಾಷಣಗಳಲ್ಲಿ, ಮೊಬೈಲಿಗೆ ಬರುವ ಸಂದೇಶಗಳಲ್ಲಿ ಹೇಳುವುದುಂಟು. ಮೇಲಿನ ಚೌಕದಲ್ಲಿ ಮನಸ್ಸು ಎಂಬ ಮನೆ ಎಲ್ಲೂ ಇಲ್ಲ. ಇನ್ಸ್‌ಬ್ರುಕ್‌ನ ಕೋಣೆಗೆ ಬೀಗ ಹಾಕಿ ಎಲ್ಲರೂ ಊಟಕ್ಕೆ ಹೋಗಿದ್ದರೂ ಯಂತ್ರ ದಾಖಲಿಸುವ ಮೊತ್ತ ಅದೇ ಇರುತ್ತಿತ್ತು. ಉತ್ತರವನ್ನು ನಿರ್ಧರಿಸುವುದರಲ್ಲಿ ಪಾಲು ಇರುವುದು ಅಳತೆಯ ಒಟ್ಟು ಏರ್ಪಾಡಿಗೆ: ಯಾವ ಲೇಸರ್, ಯಾವ ಸರಣಿ, ಯಾವುದರ ಜೊತೆ ಯಾವುದು. ನೀಲ್ಸ್ ಬೋರ್ ಬದುಕಿಡೀ ಇದನ್ನೇ ಒತ್ತಿ ಹೇಳುತ್ತಿದ್ದರು. ಅವರ ವಾಕ್ಯಗಳು ಮಸುಕಾಗಿದ್ದವು, ಚೌಕ ಅದನ್ನು ತಿಳಿಯಾಗಿಸಿತು.

ಕರ್ನಾಟಕದಲ್ಲಿ ಈ ಪ್ರಶ್ನೆಗೆ ಹತ್ತಿರದ ಕೆಲಸ ನಡೆದಿರುವುದು ಪಂಚರತ್ನಂ ದುಡಿದ ಸಂಸ್ಥೆಯಲ್ಲೇ. ಅಲ್ಲಿನ ಉರ್ಬಸಿ ಸಿನ್ಹಾ ಅವರ ಪ್ರಯೋಗಾಲಯ ಹಿಡಿದದ್ದು 1985ರಲ್ಲಿ ಆಂಥನಿ ಲೆಗೆಟ್ ಮತ್ತು ಅನುಪಮ್ ಗರ್ಗ್ ರೂಪಿಸಿದ ಅಸಮಾನತೆಯನ್ನು. ಚೌಕದಲ್ಲಿ ಪಕ್ಕಪಕ್ಕದ ಅಳತೆಗಳು ಇದ್ದ ಜಾಗದಲ್ಲಿ ಇಲ್ಲಿ ಹಿಂದುಮುಂದಿನ ಅಳತೆಗಳು: ಒಂದೇ ವ್ಯವಸ್ಥೆಯನ್ನು ಮೂರು ಕ್ಷಣಗಳಲ್ಲಿ, ಪ್ರತಿ ಸಲ ಎರಡೆರಡೇ ಕ್ಷಣಗಳನ್ನು ಆರಿಸಿ ಅಳೆಯುವುದು. ಪ್ರತಿ ಕ್ಷಣದಲ್ಲೂ ಉತ್ತರ ಮೊದಲೇ ಇದ್ದು, ಅಳತೆ ಅದನ್ನು ಕದಡದೆ ಓದಿದ್ದರೆ, ಉತ್ತರಗಳ ನಡುವಿನ ಹೊಂದಾಣಿಕೆಯ ಮೊತ್ತ 1ನ್ನು ದಾಟಬಾರದು. ಕ್ವಾಂಟಮ್ ಲೆಕ್ಕ 1.5ರವರೆಗೆ ಹೋಗುತ್ತದೆ.

ಕದಡದೆ ಓದುವುದು ಹೇಗೆ ಎಂಬುದೇ ಇಲ್ಲಿ ಕಷ್ಟದ ಭಾಗ. ಕೌಶಿಕ್ ಜೋಆರ್ದಾರ್, ದೇಬಾಶಿಸ್ ಸಾಹಾ, ದೀಪಂಕರ್ ಹೋಮ್, ಉರ್ಬಸಿ ಸಿನ್ಹಾ 2022ರಲ್ಲಿ ಪ್ರಕಟಿಸಿದ ಪ್ರಯೋಗದ ಚೆಲುವು ಅಲ್ಲಿದೆ. ಫೋಟಾನುಗಳು ಜೋಡಿಯಾಗಿ ಹುಟ್ಟುತ್ತವೆ. ಒಂದು ಡಿಟೆಕ್ಟರಿಗೆ ಬಡಿದರೆ ಅದರ ಜೊತೆಗಾರ ಹೊರಟಿದೆ ಎಂದು ಖಾತ್ರಿ. ಆ ಜೊತೆಗಾರನ ಮುಂದೆ ಎರಡು ದಾರಿ. ಒಂದು ದಾರಿಗೆ ಅಡ್ಡ ಇಟ್ಟು ನೋಡುತ್ತಾರೆ. ಆಮೇಲೂ ಫೋಟಾನು ಕೊನೆಯ ಡಿಟೆಕ್ಟರನ್ನು ತಲುಪಿತೆಂದರೆ ಅದು ಇನ್ನೊಂದು ದಾರಿಯಲ್ಲಿ ಬಂದಿತ್ತು, ಅಡ್ಡಕ್ಕೆ ತಾಕಲೇ ಇಲ್ಲ. ಎಲ್ಲಿ ಇಲ್ಲ ಎಂಬುದರಿಂದ ಎಲ್ಲಿದೆ ಎಂದು ತಿಳಿಯುವ ಅಳತೆ ಇದು. ಮುಟ್ಟಿ ಕದಡಿದಿರಿ ಎಂಬ ಆಕ್ಷೇಪಕ್ಕೆ ಎಡೆಯಿಲ್ಲ. ಹಿಂದಿನ ಪ್ರಯೋಗಗಳಲ್ಲಿ ಉಳಿದಿದ್ದ ಬೇರೆ ನುಸುಳುದಾರಿಗಳನ್ನೂ ಮುಚ್ಚಿಕೊಂಡೇ ಅವರು ಅಳೆದರು. ಮಿತಿ ಮುರಿಯಿತು.

ಸಿದ್ಧಾಂತದ ಕಡೆಯಿಂದಲೂ ಇಲ್ಲಿನವರ ಪಾಲಿದೆ. ಬೆಂಗಳೂರು ವಿಶ್ವವಿದ್ಯಾಲಯದ ಎ.ಆರ್. ಉಷಾದೇವಿ, ಕುವೆಂಪು ವಿಶ್ವವಿದ್ಯಾಲಯದ ಸುಧಾ ಮತ್ತು ಸಂಗಡಿಗರು 2013ರಲ್ಲಿ ಇದೇ ಅಸಮಾನತೆಯನ್ನು ಮಾಹಿತಿಯ ಭಾಷೆಯಲ್ಲಿ, ಎಂಟ್ರೊಪಿಯ ಮೂಲಕ ಬರೆದರು.

ಇದರಿಂದ ಏನು ಪ್ರಯೋಜನ ಎಂದು ಕೇಳುವುದು ನ್ಯಾಯವೇ. 2014ರಲ್ಲಿ ಮಾರ್ಕ್ ಹೊವರ್ಡ್ ಮತ್ತು ಸಂಗಡಿಗರು, ಕ್ವಾಂಟಮ್ ಕಂಪ್ಯೂಟರು ಸಾಮಾನ್ಯ ಕಂಪ್ಯೂಟರನ್ನು ಮೀರಲು ಬೇಕಾದ ಮೂಲಸಾಮಗ್ರಿ, ಆ ಯಂತ್ರಗಳನ್ನು ಕಟ್ಟುವ ಒಂದು ಮುಖ್ಯ ಪದ್ಧತಿಯಲ್ಲಿ, ಸಂದರ್ಭಾವಲಂಬನೆಯೇ ಎಂದು ತೋರಿಸಿದರು. ಭಾರತ ಸರ್ಕಾರ 2023ರ ಏಪ್ರಿಲ್‌ನಲ್ಲಿ ಆರು ಸಾವಿರ ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಮ್ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು, ಅದರ ಕಂಪ್ಯೂಟಿಂಗ್ ವಿಭಾಗದ ಕೇಂದ್ರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ.

ಇನ್ನೊಂದು ಬಳಕೆ ರಾಮನ್ ಸಂಸ್ಥೆಯ ಪ್ರಯೋಗಾಲಯದಿಂದಲೇ 2024ರಲ್ಲಿ ಬಂತು. ಬ್ಯಾಂಕಿನ ಪಾಸ್‌ವರ್ಡು, ಗುಪ್ತಲಿಪಿಯ ಕೀಲಿ ಇವಕ್ಕೆಲ್ಲ ಯಾರೂ ಊಹಿಸಲಾಗದ ಸಂಖ್ಯೆಗಳು ಬೇಕು. ಕಂಪ್ಯೂಟರ್ ಪ್ರೋಗ್ರಾಮು ಹುಟ್ಟಿಸುವ ಸಂಖ್ಯೆಗಳು ನೋಡಲು ಅಡ್ಡಾದಿಡ್ಡಿಯಾಗಿದ್ದರೂ ಸೂತ್ರ ಗೊತ್ತಿದ್ದವನಿಗೆ ಮೊದಲೇ ತಿಳಿದಿರುತ್ತವೆ. ಸಂಖ್ಯೆಗಳ ಸಾಲನ್ನು ಎಷ್ಟು ಪರೀಕ್ಷಿಸಿದರೂ ಅದರ ಹಿಂದೆ ಅಂಥ ಸೂತ್ರ ಇಲ್ಲವೆಂದು ಹೇಳಲಾಗದು. ಫೋಟಾನು ಈ ದಾರಿಯೋ ಆ ದಾರಿಯೋ ಎಂಬುದನ್ನು 0 ಮತ್ತು 1 ಆಗಿ ಬರೆದುಕೊಳ್ಳುತ್ತ, ಜೊತೆಜೊತೆಗೆ ಲೆಗೆಟ್-ಗರ್ಗ್ ಮಿತಿ ಮುರಿಯುತ್ತಿದೆಯೇ ಎಂದು ಅಳೆಯುತ್ತ ಹೋದರೆ ಅದನ್ನು ಹೇಳಬಹುದು. ಮಿತಿ ಮುರಿದಷ್ಟು ಮಟ್ಟಿಗೆ, ಆ ಅಂಕಿಗಳು ಅಳತೆಗೆ ಮೊದಲೇ ಎಲ್ಲಿಯೋ ಬರೆದಿಟ್ಟವಾಗಿರಲು ಸಾಧ್ಯವಿಲ್ಲ. ಬೆಂಗಳೂರಿನ ಆ ಮೇಜಿನ ಮೇಲೆ ಹೀಗೆ ಒಂಬತ್ತು ಲಕ್ಷಕ್ಕೂ ಹೆಚ್ಚು ಅಂಕಿಗಳು ಹೊರಬಂದವು.